ಕಣದ ರಾಶಿಯಲ್ಲಿ ಆಟಗಾರನ ಪಾಲೆಷ್ಟು?

ಕಿತ್ತೂರ ಕೋಟೆಯ ಹಾಳುಗೋಡೆಗಳ ಮೇಲೆ ಸಂಜೆಯ ಬಿಸಿಲು ಕೆಂಪೇರುವ ಹೊತ್ತು. ಅಕ್ಟೋಬರ್ ತಿಂಗಳ ಉತ್ಸವದ ಅಂಗವಾಗಿ ಏರ್ಪಟ್ಟ ಕುಸ್ತಿಯ ಕಣದ ಸುತ್ತ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಬೈಲಹೊಂಗಲದಿಂದ, ಸಂಗೊಳ್ಳಿಯಿಂದ, ಸವದತ್ತಿಯ ಕಡೆಯಿಂದ, ದೂರದ ರಾಮದುರ್ಗದಿಂದ ಬಂದ ಪ್ರೇಕ್ಷಕರು, ತಂದೆಯ ಹೆಗಲೇರಿ ಕುಳಿತ ಹುಡುಗರು, ಹಲಗೆಯ ಬಡಿತ, ಎಣ್ಣೆ ಮಜ್ಜಿಗೆಗಳಿಂದ ಹದಗೊಳಿಸಿದ ಕೆಮ್ಮಣ್ಣಿನ ವಾಸನೆ. ಇಬ್ಬರು ಪೈಲವಾನರು ಮಣ್ಣನ್ನು ಮುಟ್ಟಿ ಹಣೆಗೊತ್ತಿಕೊಂಡು ಕೈಗೆ ಕೈ ಕೊಡುತ್ತಾರೆ. ಅಷ್ಟರಲ್ಲಿಯೇ ಕಣದ ಅಂಚಿನಲ್ಲಿ ಕುಳಿತ ಹಿರಿಯರೊಬ್ಬರು ಪಕ್ಕದವರನ್ನು ಕೇಳುತ್ತಾರೆ: “ಈ ಕುಸ್ತಿ ಎಷ್ಟರದ್ರಿ?”

ಪ್ರಶ್ನೆ ಅಸಭ್ಯವೆಂದು ಅಲ್ಲಿ ಯಾರಿಗೂ ಅನ್ನಿಸುವುದಿಲ್ಲ. ಈ ಸೀಮೆಯ ಜಾತ್ರೆಯ ಕುಸ್ತಿಗಳಲ್ಲಿ ಹಣದ ಮಾತು ಮುಚ್ಚುಮರೆಯದಲ್ಲ. ಊರ ಕಮಿಟಿಯವರು ಪಟ್ಟಿ ಎತ್ತಿ ಹಣ ಕೂಡಿಸುತ್ತಾರೆ. ಜೋಡಿಗಳನ್ನು ಗೊತ್ತುಮಾಡಿ ಕರಪತ್ರದಲ್ಲಿ ಅಚ್ಚುಹಾಕಿಸುತ್ತಾರೆ. ಮೊದಲ ಕುಸ್ತಿಗೆ ಇಷ್ಟು, ಎರಡನೆಯದಕ್ಕೆ ಇಷ್ಟು ಎಂಬುದು ಪೈಲವಾನನು ಲಂಗೋಟಿ ಬಿಗಿಯುವ ಮೊದಲೇ ಊರಿಗೆಲ್ಲ ಗೊತ್ತಿರುತ್ತದೆ. ಗೆದ್ದವನಿಗೆ ಬೆಳ್ಳಿಯ ಗದೆಯೋ ಕಡಗವೋ ಸಿಕ್ಕೀತು. ಸೋತವನೂ ಸಾಮಾನ್ಯವಾಗಿ ಬರಿಗೈಯಲ್ಲಿ ಊರಿಗೆ ಮರಳುವುದಿಲ್ಲ. ಅವನೂ ಹಾಲು, ತುಪ್ಪ, ಬಾದಾಮಿಗಳ ಖುರಾಕಿಗೆ ವರ್ಷವಿಡೀ ಸಾಲಮಾಡಿಕೊಂಡವನೇ ಅಲ್ಲವೆ? ಅವನಿಲ್ಲದೆ ಕುಸ್ತಿಯೂ ಇಲ್ಲವಷ್ಟೆ.

ಇದೇ ಪ್ರಶ್ನೆಯನ್ನು ಇಂದಿನ ದೊಡ್ಡ ಆಟಗಳ ಮುಂದೆ ಇಟ್ಟರೆ ಉತ್ತರ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಮನೆಮನೆಯ ದೂರದರ್ಶನದ ಪರದೆಯ ಮೇಲೆ, ಕೈಯೊಳಗಿನ ದೂರವಾಣಿಯ ಮೇಲೆ, ಎರಡು ತಿಂಗಳ ಕಾಲ ಊಟದ ಹೊತ್ತನ್ನೇ ಬದಲಿಸಿಬಿಡುವ ಕ್ರಿಕೆಟ್ ಲೀಗಿನಲ್ಲಿ ಹುಟ್ಟುವ ಹಣವೆಷ್ಟು? ಅದರಲ್ಲಿ ಚೆಂಡೆಸೆದವನಿಗೆ, ದಾಂಡು ಬೀಸಿದವನಿಗೆ ಸಲ್ಲುವುದೆಷ್ಟು? ತಂಡದ ಒಡೆಯನಿಗೆ ಉಳಿಯುವುದೆಷ್ಟು? ಒಬ್ಬ ಆಟಗಾರ 27 ಕೋಟಿಗೆ ಹರಾಜಾದನೆಂಬ ಸುದ್ದಿಯನ್ನು ಬಾಯಿ ತೆರೆದು ಓದುವ ನಾವೆಲ್ಲ, ಆ 27 ಕೋಟಿ ಯಾವ ರಾಶಿಯಿಂದ ಅಳೆದು ಕೊಟ್ಟದ್ದೆಂದು ಕೇಳುವುದನ್ನೇ ಮರೆಯುತ್ತೇವೆ.

ಕೋರು ಮತ್ತು ಲಾವಣಿ

‘ಕಣ’ ಎಂಬ ಮಾತಿಗೆ ಕನ್ನಡದಲ್ಲಿ ಎರಡು ಅರ್ಥಗಳು. ಪೈಲವಾನರು ಸೆಣಸುವ ಸ್ಥಳವೂ ಕಣವೇ. ರೈತನು ತೆನೆ ಒಕ್ಕಿ ರಾಶಿ ಮಾಡುವ ಸ್ಥಳವೂ ಕಣವೇ. ಆಟದ ಆದಾಯವನ್ನು ಹಂಚುವ ವಿಷಯದಲ್ಲಿ ಈ ಎರಡನೆಯ ಕಣ ಮೊದಲನೆಯದಕ್ಕೆ ಪಾಠ ಹೇಳಬಲ್ಲದು.

ಮಲಪ್ರಭೆಯ ಎರೆಭೂಮಿಯಲ್ಲಿ ಒಬ್ಬರ ಹೊಲವನ್ನು ಮತ್ತೊಬ್ಬರು ಸಾಗುವಳಿ ಮಾಡುವ ರೀತಿಗಳು ಹಿಂದೆ ಮುಖ್ಯವಾಗಿ ಎರಡಿದ್ದವು. ಒಂದು ಲಾವಣಿ. ಮಳೆ ಬರಲಿ ಬಿಡಲಿ, ಜೋಳ ಹತ್ತು ಚೀಲವಾಗಲಿ ನಲವತ್ತಾಗಲಿ, ಮಾತಾದಷ್ಟು ಹಣ ಸಂದರೆ ತೀರಿತು. ಇನ್ನೊಂದು ಕೋರು. ಬೆಳೆದದ್ದರಲ್ಲಿ ಇಬ್ಬರಿಗೂ ಪಾಲು. ರಾಶಿ ದೊಡ್ಡದಾದರೆ ಇಬ್ಬರಿಗೂ ಹಬ್ಬ, ಸಣ್ಣದಾದರೆ ಇಬ್ಬರಿಗೂ ಉಪವಾಸ. ಕೋರಿನಲ್ಲಿ ಮುಖ್ಯವಾದ ಇನ್ನೊಂದು ಸಂಗತಿಯಿತ್ತು: ರಾಶಿಯನ್ನು ಅಳೆಯುವಾಗ ಇಬ್ಬರೂ ಕಣದಲ್ಲಿರುತ್ತಿದ್ದರು. ಅಳತೆ ಕಣ್ಣೆದುರಿನದು. 1974ರ ಭೂಸುಧಾರಣೆಯ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯನಾದ ಮೇಲೆ ಕಾನೂನಿನ ಪುಸ್ತಕದಲ್ಲಿ ಈ ಎರಡೂ ಪದ್ಧತಿಗಳ ಕಾಲ ಮುಗಿಯಿತು. ಆದರೆ ಆ ತರ್ಕ ಮುಗಿದಿಲ್ಲ. ಜಗತ್ತಿನ ವೃತ್ತಿಪರ ಕ್ರೀಡೆಗಳಲ್ಲಿ ಇಂದು ನಡೆದಿರುವ ಜಗಳವನ್ನೆಲ್ಲ ಒಂದೇ ಮಾತಿನಲ್ಲಿ ಹೇಳಬೇಕಾದರೆ, ಆಟಗಾರರು ಕೋರು ಕೇಳುತ್ತಿದ್ದಾರೆ, ಒಡೆಯರು ಲಾವಣಿ ಕೊಡಲು ಬಯಸುತ್ತಿದ್ದಾರೆ.

ಇಲ್ಲಿ ಹೊಲದಲ್ಲಿದ್ದುದು ತಿರುವುಮುರುವಾಗಿದೆಯೆಂಬುದನ್ನು ಮಾತ್ರ ಗಮನಿಸಬೇಕು. ಹೊಲದಲ್ಲಿ ಲಾವಣಿಯ ಹಣವನ್ನು ಕೊಡುವವನು ದುಡಿಯುವವನು. ಹೆಚ್ಚಿಗೆ ಬೆಳೆದದ್ದು ಅವನಿಗೇ ಉಳಿಯುತ್ತಿತ್ತು. ಆಟದಲ್ಲಿ ಗೊತ್ತಾದ ಹಣವನ್ನು ಕೊಡುವವನು ಒಡೆಯ. ಹೆಚ್ಚಿಗೆ ಬೆಳೆದದ್ದೆಲ್ಲ ಅವನ ಕಡೆಗೇ ಹೋಗುತ್ತದೆ.

ಕೋಟಿಗಳ ಲೆಕ್ಕ

ಅಂಕಿಸಂಖ್ಯೆಗಳೆಂದರೆ ಗೃಹಿಣಿಯರು ಪುಟ ಮಗುಚುವರೆಂಬ ಭಯ ಪತ್ರಿಕೆಗಳಿಗೆ ಇದ್ದೇ ಇದೆ. ಆದರೆ ತಿಂಗಳ ಕಿರಾಣಿ ಅಂಗಡಿಯ ಚೀಟಿಯನ್ನು ಪೈಸೆ ಬಿಡದೆ ತಾಳೆನೋಡುವವರು ಅವರೇ. ಈ ಲೆಕ್ಕವೂ ಅದಕ್ಕಿಂತ ಕಠಿನವಲ್ಲ.

ಇಂಡಿಯನ್ ಪ್ರೀಮಿಯರ್ ಲೀಗ್ ಮೊದಲಾದದ್ದು 2008ರಲ್ಲಿ. ಅಂದು ಎಂಟು ತಂಡಗಳು. ಬೆಂಗಳೂರಿನ ತಂಡ 11 ಕೋಟಿ 16 ಲಕ್ಷ ಡಾಲರಿಗೆ ಮಾರಾಟವಾಯಿತು. ಹತ್ತು ವರ್ಷಗಳ ಪ್ರಸಾರದ ಹಕ್ಕಿಗೆ ಬಂದ ಬೆಲೆ ಸುಮಾರು 100 ಕೋಟಿ ಡಾಲರ್. ಎಂದರೆ ವರ್ಷಕ್ಕೆ ಸರಾಸರಿ 10 ಕೋಟಿ. ಒಂದು ತಂಡ ಆಟಗಾರರ ಮೇಲೆ ಖರ್ಚುಮಾಡಬಹುದಾದ ಹಣಕ್ಕೆ 50 ಲಕ್ಷ ಡಾಲರಿನ ಮಿತಿ ಹಾಕಲಾಗಿತ್ತು. ಎಂಟು ತಂಡಗಳಿಗೆ 4 ಕೋಟಿ. ಪ್ರಸಾರದ ಹಣದೊಡನೆ ಮಾತ್ರ ಹೋಲಿಸಿದರೆ ಅದು ಶೇಕಡಾ 40ರಷ್ಟು. ಮರುವರ್ಷವೇ ಪ್ರಸಾರದ ಒಪ್ಪಂದ ಬದಲಾಗಿ ಮೊತ್ತ ಏರಿತು. ಆ ಮಾತು ಇರಲಿ.

ಮುಂದೆ 2018ರಿಂದ 2022ರವರೆಗಿನ ಐದು ವರ್ಷಗಳ ಹಕ್ಕು 16,347.50 ಕೋಟಿ ರೂಪಾಯಿಗೆ ಹೋಯಿತು. ವರ್ಷಕ್ಕೆ 3,270 ಕೋಟಿ ಎನ್ನೋಣ. 2018ರಲ್ಲಿ ತಂಡವೊಂದರ ಆಟಗಾರರ ಹಣದ ಮಿತಿ 80 ಕೋಟಿ. ಎಂಟು ತಂಡಗಳಿಗೆ 640 ಕೋಟಿ. ಪಾಲು ಶೇಕಡಾ 20ಕ್ಕೆ ಇಳಿಯಿತು.

2023ರಿಂದ 2027ರವರೆಗಿನ ಹಕ್ಕು 48,390 ಕೋಟಿ ರೂಪಾಯಿ. ವರ್ಷಕ್ಕೆ 9,678 ಕೋಟಿ. ಈಗ ತಂಡಗಳು ಹತ್ತು. 2025ರ ಆಟಕ್ಕಾಗಿ ಪ್ರತಿ ತಂಡಕ್ಕೆ 120 ಕೋಟಿಯ ಮಿತಿ. ಅದೇ ವರ್ಷದಿಂದ ಆಟಗಾರನಿಗೆ ಪಂದ್ಯವೊಂದಕ್ಕೆ ಏಳೂವರೆ ಲಕ್ಷ ರೂಪಾಯಿಯ ಹೆಚ್ಚಿನ ಶುಲ್ಕವನ್ನು ಕೊಡಲು ತಂಡಕ್ಕೆ 12.60 ಕೋಟಿ. ಎಲ್ಲವನ್ನೂ ಕೂಡಿಸಿದರೆ 1,326 ಕೋಟಿ. ಪಾಲು ಶೇಕಡಾ 14ರ ಒಳಗೆ.

ನಲವತ್ತು, ಇಪ್ಪತ್ತು, ಹದಿನಾಲ್ಕು. ಆಟಗಾರನ ಕೈಗೆ ಬರುವ ರೂಪಾಯಿ ಏರುತ್ತ ಬಂದಿದೆ. ರಾಶಿಯಲ್ಲಿ ಅವನ ಪಾಲು ಇಳಿಯುತ್ತ ಬಂದಿದೆ. ಟಿಕೆಟಿನ ಹಣ, ಅಂಗಿಯ ಮೇಲೆ ಹೆಸರು ಬರೆಸುವ ವ್ಯಾಪಾರಿಗಳ ಹಣ, ಲೀಗಿಗೇ ತಮ್ಮ ಹೆಸರಿಡುವ ಸಂಸ್ಥೆಯ ಹಣ ಇವೆಲ್ಲ ಈ ಸ್ಥೂಲ ಲೆಕ್ಕದ ಹೊರಗಿವೆ. ಅವನ್ನು ಸೇರಿಸಿದರೆ ಪಾಲು ಇನ್ನೂ ಕಿರಿದಾಗುವುದೇ ಹೊರತು ಹಿರಿದಾಗಲಾರದು. 2024ರ ನವೆಂಬರಿನಲ್ಲಿ ಜೆಡ್ಡಾ ನಗರದ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ ಕೂಗಿದ 27 ಕೋಟಿಯನ್ನು ಕಂಡು ಬೆರಗಾದವರು ನೆನೆಯಬೇಕಾದದ್ದು ಇಷ್ಟೆ: ಒಬ್ಬನಿಗೆ 27 ಕೋಟಿ ಕೊಟ್ಟಾಗ ಒಡೆಯನ ಗಂಟಿನಿಂದ ಹೆಚ್ಚಿಗೆ ಹೋದದ್ದು ಏನೂ ಇಲ್ಲ. ಆ 120 ಕೋಟಿಯಲ್ಲಿ ಉಳಿದವರಿಗೆ ಅಷ್ಟು ಕಡಿಮೆಯಾಯಿತು. ಅದೇ ಹರಾಜಿನಲ್ಲಿ ಅತ್ಯಂತ ಕೆಳಗಿನ ಮೂಲಬೆಲೆ 30 ಲಕ್ಷವಾಗಿತ್ತು. ಆ ಬೆಲೆಗೂ ಕೇಳುವವರಿಲ್ಲದೆ ಉಳಿದ ಹುಡುಗರು ಬಹಳ.

ವಿಚಿತ್ರವೆಂದರೆ ಇದೇ ಕ್ರಿಕೆಟ್ ಮಂಡಳಿಯಲ್ಲಿ ಪಾಲಿನ ಸೂತ್ರವೊಂದು ಬಹುಕಾಲದಿಂದ ಉಂಟು. ಲೀಗಿನ ಹೊರಗಿನ ಆದಾಯದಲ್ಲಿ ಶೇಕಡಾ 26ರಷ್ಟನ್ನು ರಾಷ್ಟ್ರೀಯ ತಂಡದವರು, ರಣಜಿ ಆಟಗಾರರು, ಮಹಿಳೆಯರು, ಕಿರಿಯರು ಹಂಚಿಕೊಳ್ಳಬೇಕೆಂಬುದು ಆ ಸೂತ್ರ. ಹೊಳೆಯಂತೆ ಹಣ ಹರಿದುಬರುವ ಲೀಗಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಹೊಲಕ್ಕೆ ಕೋರು, ತೋಟಕ್ಕೆ ಲಾವಣಿ ಎಂದಂತಾಯಿತು!

ಈ ಮಂಡಳಿ ಬಡವಾಗಿದ್ದ ಕಾಲವೂ ಉಂಟು. 1983ರಲ್ಲಿ ವಿಶ್ವಕಪ್ ಗೆದ್ದು ಬಂದ ತಂಡಕ್ಕೆ ಬಹುಮಾನ ಕೊಡಲು ಹಣವಿಲ್ಲದೆ ಲತಾ ಮಂಗೇಶಕರ್ ಅವರಿಂದ ದಿಲ್ಲಿಯಲ್ಲಿ ಸಂಗೀತ ಕಚೇರಿ ಮಾಡಿಸಿ, ಆ ಹಣದಲ್ಲಿ ಆಟಗಾರರಿಗೆ ತಲಾ ಒಂದು ಲಕ್ಷ ಹಂಚಿದರು. ಆ ತಂಡದಲ್ಲಿ ನಮ್ಮ ಸಯ್ಯದ್ ಕಿರ್ಮಾನಿ ಇದ್ದರು. ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಕಿತ್ತ ರೋಜರ್ ಬಿನ್ನಿ ಇದ್ದರು. ಅದೇ ಬಿನ್ನಿಯವರು 2022ರಲ್ಲಿ ಮಂಡಳಿಯ ಅಧ್ಯಕ್ಷರಾಗುವ ಹೊತ್ತಿಗೆ ಅದು ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಸಂಸ್ಥೆಯಾಗಿತ್ತು.

ಇಪ್ಪತ್ತು ಪೌಂಡುಗಳ ಕಥೆ

ಹೊರಗಿನ ದೇಶಗಳಲ್ಲಿ ಆಟಗಾರರಿಗೆ ದೊಡ್ಡ ಪಾಲು ಸಿಗುತ್ತಿರುವುದು ಅಲ್ಲಿಯ ಒಡೆಯರು ಧರ್ಮಿಷ್ಠರೆಂಬ ಕಾರಣದಿಂದಲ್ಲ. ಇಂಗ್ಲೆಂಡಿನ ಕಾಲ್ಚೆಂಡಾಟದಲ್ಲಿ 1961ರ ಜನವರಿಯವರೆಗೂ ಆಟಗಾರನ ವಾರದ ಸಂಬಳಕ್ಕೆ 20 ಪೌಂಡುಗಳ ಕಟ್ಟುನಿಟ್ಟಿನ ಮಿತಿಯಿತ್ತು. ಅರುವತ್ತು ಸಾವಿರ ಜನ ಟಿಕೆಟು ಕೊಂಡು ಬರಲಿ, ಆಟಗಾರ ಎಂಥ ಪ್ರಚಂಡನೇ ಆಗಿರಲಿ, ಅದಕ್ಕಿಂತ ಹೆಚ್ಚಿಗೆ ಕೊಡುವಂತಿಲ್ಲ. ಸಾವಿರಾರು ಪ್ರೇಕ್ಷಕರ ಚೀತ್ಕಾರದ ನಡುವೆ ಗೋಲು ಹೊಡೆದವನು ಅದೇ ಪ್ರೇಕ್ಷಕರೊಡನೆ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದ. ಫುಲ್‌ಹ್ಯಾಮ್ ತಂಡದ ಆಟಗಾರನಾಗಿದ್ದ ಜಿಮ್ಮಿ ಹಿಲ್ ಎಂಬ ಗಡ್ಡಧಾರಿ, ಆಟಗಾರರ ಸಂಘದ ಅಧ್ಯಕ್ಷನಾಗಿ, ದೇಶದ ಆಟಗಾರರನ್ನೆಲ್ಲ ಒಂದುಗೂಡಿಸಿ ಮುಷ್ಕರದ ದಿನವನ್ನು ಗೊತ್ತುಮಾಡಿದ. ಮುಷ್ಕರ ನಡೆಯಲಿಲ್ಲ, ಒಡೆಯರೇ ಮಣಿದರು. ಮಿತಿ ಹೋದ ಕೂಡಲೆ ಅದೇ ತಂಡದ ಜಾನಿ ಹೇನ್ಸ್‌ನ ಸಂಬಳ ವಾರಕ್ಕೆ 100 ಪೌಂಡಾಯಿತು. ತಂಡಗಳು ದಿವಾಳಿಯೆದ್ದು ಹೋಗುತ್ತವೆಂದು ಕಣ್ಣೀರು ಸುರಿಸಿದವರು ಅಂದೂ ಇದ್ದರು.

ಅಮೆರಿಕದ ಕಥೆ ಇನ್ನೂ ಕಠೋರ. ಅಲ್ಲಿಯ ಬೇಸ್‌ಬಾಲ್ ಆಟಗಾರ ಕರ್ಟ್ ಫ್ಲಡ್ ತನ್ನನ್ನು ಕೇಳದೆ ಬೇರೊಂದು ತಂಡಕ್ಕೆ ಸಾಗಹಾಕಿದ್ದನ್ನು ವಿರೋಧಿಸಿ ನ್ಯಾಯಾಲಯದ ಮೆಟ್ಟಿಲೇರಿದ. ದನದ ಸಂತೆಯ ಎತ್ತಿನಂತೆ ತಾನು ಮಾರಾಟದ ವಸ್ತುವಲ್ಲವೆಂಬುದು ಅವನ ತಕರಾರು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಅವನು ಸೋತ. ಅಷ್ಟರಲ್ಲಿ ಅವನ ಆಟದ ಬಾಳೂ ಮುಗಿದಿತ್ತು. ಅವನ ಸೋಲಿನ ಮೂರೇ ವರ್ಷಗಳಲ್ಲಿ, 1975ರಲ್ಲಿ, ಮಧ್ಯಸ್ಥನೊಬ್ಬನ ತೀರ್ಪಿನಿಂದ ಬೇರೆಯವರು ಆ ಬಂಧನದಿಂದ ಬಿಡುಗಡೆ ಪಡೆದರು. ಬಾವಿ ತೋಡಿದವನೊಬ್ಬ, ನೀರು ಕುಡಿದವರು ಬೇರೆ.

ಇಂದು ಅಲ್ಲಿಯ ಬಾಸ್ಕೆಟ್‌ಬಾಲ್ ಲೀಗಿನ ಆದಾಯದಲ್ಲಿ ಶೇಕಡಾ 49ರಿಂದ 51ರಷ್ಟು ಆಟಗಾರರದು. ಅಮೆರಿಕನ್ ಫುಟ್‌ಬಾಲಿನಲ್ಲಿ 2020ರ ಒಪ್ಪಂದದಂತೆ ಅವರ ಪಾಲು 48ಕ್ಕೆ ಕಡಿಮೆಯಾಗುವಂತಿಲ್ಲ. ಐಸ್ ಹಾಕಿಯಲ್ಲಿ ಸರಿಸಮ. ತಂಡದ ಸಂಬಳಕ್ಕೆ ಅಲ್ಲಿಯೂ ಮಿತಿಯುಂಟು. ಆದರೆ ಆ ಮಿತಿಯನ್ನು ಆದಾಯದಿಂದಲೇ ಲೆಕ್ಕಹಾಕಿ ತೆಗೆಯುತ್ತಾರೆ, ಆ ಲೆಕ್ಕಕ್ಕೆ ಆಟಗಾರರ ಸಂಘದ ಸಹಿ ಬೇಕು. ನಮ್ಮಲ್ಲಿ ಮಿತಿಯನ್ನು ಗೊತ್ತುಮಾಡುವವರು ಕೊಡುವವರೇ. ಕೊಳ್ಳುವವನಿಗೆ ಕೇಳಲು ಬಾಯಿಲ್ಲ. ಇಡೀ ವಿಷಯದ ಜೀವಾಳ ಈ ಒಂದು ವ್ಯತ್ಯಾಸದಲ್ಲಿದೆ.

ಕೋರು ಎಂದ ಮೇಲೆ ಬರಗಾಲದಲ್ಲಿಯೂ ಪಾಲುಗೊಳ್ಳಬೇಕಷ್ಟೆ. ಬಾಸ್ಕೆಟ್‌ಬಾಲಿನವರು ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಆಟಗಾರರ ಸಂಬಳದ ಹತ್ತನೆಯ ಒಂದು ಭಾಗವನ್ನು ಮೂರನೆಯವರ ಕೈಯಲ್ಲಿ ಇಡುತ್ತಾರೆ. ವರ್ಷಾಂತ್ಯದ ಲೆಕ್ಕದಲ್ಲಿ ಆಟಗಾರರಿಗೆ ಗೊತ್ತಾದ ಪಾಲಿಗಿಂತ ಹೆಚ್ಚು ಸಂದಿದ್ದರೆ ಅದು ಒಡೆಯರಿಗೆ, ಇಲ್ಲವಾದರೆ ಆಟಗಾರರಿಗೆ. ಇದನ್ನು ಸಾಧಿಸಲು ಇಬ್ಬರೂ ಸಾಕಷ್ಟು ಬೆಲೆ ತೆತ್ತರು. 2011ರಲ್ಲಿ ಒಡೆಯರು ಬಾಗಿಲಿಗೆ ಬೀಗ ಜಡಿದು, ತಿಂಗಳುಗಟ್ಟಲೆ ಆಟ ನಿಲ್ಲಿಸಿ, ಆಟಗಾರರ ಪಾಲನ್ನು 57ರಿಂದ 50ರ ಆಸುಪಾಸಿಗೆ ಇಳಿಸಿದರು. ಐಸ್ ಹಾಕಿಯಲ್ಲಿ 2004-05ರ ಇಡೀ ಋತುವೇ ಜಗಳದಲ್ಲಿ ಮುಳುಗಿಹೋಯಿತು. ಕ್ರಿಕೆಟಿನಲ್ಲಿಯೂ ಇಂಥದು ನಡೆದಿದೆ: 2017ರ ಜುಲೈ ತಿಂಗಳಲ್ಲಿ ಆಸ್ಟ್ರೇಲಿಯದ ಸುಮಾರು 230 ಆಟಗಾರರು, ಪಾಲಿನ ಪದ್ಧತಿಯನ್ನು ಕೈಬಿಡಲು ಒಪ್ಪದೆ, ಒಪ್ಪಂದವಿಲ್ಲದೆ ನಿರುದ್ಯೋಗಿಗಳಾಗಿ ಕುಳಿತರು. ಹಿರಿಯ ಆಟಗಾರರಿಗೆ ಮಂಡಳಿ ಹೆಚ್ಚಿನ ಹಣ ತೋರಿಸಿತ್ತು. ಕಿರಿಯರನ್ನು ಬಿಟ್ಟು ಅದನ್ನು ಮುಟ್ಟಲು ಹಿರಿಯರು ಒಪ್ಪಲಿಲ್ಲ. ಪಾಲು ಉಳಿಯಿತು.

ಭಾರತದಲ್ಲಿ ಲೋಧಾ ಸಮಿತಿಯ ಸೂಚನೆಯ ಫಲವಾಗಿ 2019ರಲ್ಲಿ ಆಟಗಾರರ ಸಂಘವೇನೋ ಹುಟ್ಟಿತು. ಆದರೆ ಅದು ನಿವೃತ್ತರ ಸಂಘ. ಕಣದೊಳಗೆ ಇರುವವರಿಗೆ ಸಂಘವಿಲ್ಲ, ಕಣದಿಂದ ಹೊರಬಂದವರಿಗೆ ಉಂಟು.

ಒಡೆಯರ ಮಾತೂ ಕೇಳಬೇಕು

ಒಡೆಯರ ವಾದವೆಲ್ಲ ಸುಳ್ಳೆನ್ನುವುದು ಅನ್ಯಾಯ. ಬೀಜ ಗೊಬ್ಬರಕ್ಕೆ ಹಣ ಹಾಕಿದವನಿಗೆ ಮಳೆಯ ಭಯ ಇದ್ದೇ ಇರುತ್ತದೆ. ಇದೇ ಲೀಗಿನಲ್ಲಿ ಕೊಚ್ಚಿ ತಂಡ 2011ರಲ್ಲಿ ಒಂದೇ ಋತುವಾಡಿ ಮುಚ್ಚಿಹೋಯಿತು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ 2012ರಲ್ಲಿ, ಪುಣೆಯ ತಂಡ 2013ರಲ್ಲಿ ಕಣ್ಮರೆಯಾದವು. ಆದರೆ ಆ ನಷ್ಟ ಒಡೆಯರಿಗೆ ಮಾತ್ರವೇ ತಟ್ಟಿತೆ? ಕೊಚ್ಚಿ ತಂಡದಲ್ಲಿ ಆಡಿದ ಆಸ್ಟ್ರೇಲಿಯದ ಬ್ರ್ಯಾಡ್ ಹಾಜ್, ತಮಗೆ ಬರಬೇಕಾದ ಹಣದಲ್ಲಿ ಒಂದು ಭಾಗ ಇನ್ನೂ ಬಂದಿಲ್ಲವೆಂದು ಹತ್ತು ವರ್ಷಗಳ ಮೇಲೆ, 2021ರಲ್ಲಿ, ಬಹಿರಂಗವಾಗಿ ಕೇಳಬೇಕಾಯಿತು.

ಇನ್ನು ಲಾಭದ ಮಾತು. 2021ರಲ್ಲಿ ಲಖನೌ ತಂಡದ ಹಕ್ಕು 7,090 ಕೋಟಿ ರೂಪಾಯಿಗೆ, ಅಹಮದಾಬಾದಿನದು 5,625 ಕೋಟಿಗೆ ಹೋದವು. ಹಿಂದೆ ಕೆಲವೇ ನೂರು ಕೋಟಿ ಕೊಟ್ಟು ತಂಡ ಕೊಂಡವರ ಆಸ್ತಿ ಎಷ್ಟು ಮಡಿ ಬೆಳೆಯಿತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ವರ್ಷದ ಆದಾಯದಲ್ಲಿ ಪಾಲು ಕೇಳುವ ಆಟಗಾರರು ಈ ಆಸ್ತಿಯ ಬೆಳವಣಿಗೆಯಲ್ಲಿ ಸಾಮಾನ್ಯವಾಗಿ, ಅಮೆರಿಕದ ದೊಡ್ಡ ಲೀಗುಗಳಲ್ಲಿಯೂ, ಪಾಲುಗಾರರಲ್ಲ.

ನಮ್ಮಲ್ಲಿ ಒಂದು ತೊಡಕು ಮಾತ್ರ ನಿಜವಾದದ್ದು. ಅಮೆರಿಕದ ಕಣದಲ್ಲಿ ಇಬ್ಬರೇ, ನಮ್ಮಲ್ಲಿ ಮೂವರು. ಲೀಗಿನ ಪ್ರಸಾರದ ಹಣದಲ್ಲಿ ಸುಮಾರು ಅರ್ಧ ಮಂಡಳಿಗೆ ಸಲ್ಲುತ್ತದೆ. ರಾಜ್ಯ ಸಂಸ್ಥೆಗಳು, ಮೈದಾನಗಳು, ರಣಜಿ ಪಂದ್ಯಗಳು, ಕಿರಿಯರ ತರಬೇತಿ ಎಲ್ಲವೂ ಮಂಡಳಿಯ ಹಣದಿಂದ ನಡೆಯಬೇಕು. ರಣಜಿಯಲ್ಲಿ ಆಡುವವನಿಗೆ ಅನುಭವಕ್ಕೆ ತಕ್ಕಂತೆ ದಿನಕ್ಕೆ 40ರಿಂದ 60 ಸಾವಿರ ರೂಪಾಯಿ ಸಿಗುವಂತಾದದ್ದು 2021ರಲ್ಲಿ. ಲೀಗಿನ ಹಣದ ತಂಪು ಅಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ಒಪ್ಪಲೇಬೇಕು. ಆದ್ದರಿಂದ ನಾಳೆಯೇ ಆಟಗಾರರಿಗೆ ಅರ್ಧ ಕೊಡಿರೆಂದು ಕೂಗುವುದು ವಿವೇಕವಲ್ಲ. ಪಾಲು ಎಷ್ಟೇ ಇರಲಿ, ಅದು ಶೇಕಡಾವಾರು ಬರೆದಿಟ್ಟದ್ದಾಗಿರಲಿ, ರಾಶಿ ಬೆಳೆದಂತೆ ತಾನೂ ಬೆಳೆಯಲಿ ಎಂದು ಕೇಳುವುದು ವಿವೇಕ. 2020ರಲ್ಲಿ ಲೀಗಿಗೆ ಹೆಸರಿಡುವ ಹಕ್ಕಿನ ಹಣ 440 ಕೋಟಿಯಿಂದ 222 ಕೋಟಿಗೆ ಕುಸಿದಂಥ ಕಾಲ ಬಂದರೆ ಆಟಗಾರರೂ ಕಡಿಮೆಯನ್ನು ಸಹಿಸಲಿ.

ಪಾಲಿಗಿಂತಲೂ ಮೊದಲು ಬೇಕಾದದ್ದು ರಾಶಿಯ ದರ್ಶನ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಹುಂಡಿಯ ಹಣವನ್ನು ಅಧಿಕಾರಿಗಳ ಸಮಕ್ಷಮದಲ್ಲಿ ಸುರುವಿ ಎಣಿಸುತ್ತಾರೆ. ಮೊತ್ತ ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ದೇವಿಯ ಹಣಕ್ಕೆ ಇಲ್ಲದ ಗುಟ್ಟು ಚೆಂಡಾಟದ ಹಣಕ್ಕೇಕೆ?

ಲೆಕ್ಕ ಕೇಳುವುದು ಈ ಸೀಮೆಯ ಜನಕ್ಕೆ ಹೊಸದಲ್ಲ. 1961ರ ‘ಕಿತ್ತೂರು ಚೆನ್ನಮ್ಮ’ ಚಲನಚಿತ್ರ ಬಂದಂದಿನಿಂದ, ಕಪ್ಪವೇಕೆ ಕೊಡಬೇಕೆಂಬ ರಾಣಿಯ ಮಾತು ಶಾಲೆಯ ಮಕ್ಕಳಿಗೂ ಕಂಠಪಾಠ. ಚರಿತ್ರೆಯಲ್ಲಿ 1824ರ ಕದನಕ್ಕೆ ಕಿಡಿಯಿಟ್ಟ ಕಾರಣಗಳಲ್ಲಿ ಒಂದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬೊಕ್ಕಸಕ್ಕೆ ಮೊಹರು ಹಾಕಿಸಿದ್ದು. ರಾಮದುರ್ಗ ಸಂಸ್ಥಾನದ ಪ್ರಜೆಗಳು ಕರಭಾರದ ವಿರುದ್ಧ ಎದ್ದು, 1939ರಲ್ಲಿ ಆ ಚಳವಳಿ ರಕ್ತಪಾತದಲ್ಲಿ ಕೊನೆಗಂಡಿತು. ಇನ್ನು ಕಬ್ಬು. ಎಂ. ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆಯ ಸುತ್ತಿನ ರೈತನನ್ನು ಕೇಳಿದರೆ ಆದಾಯ ಹಂಚಿಕೆ ಎಂದರೇನೆಂದು ಯಾವ ಅರ್ಥಶಾಸ್ತ್ರಜ್ಞನಿಗಿಂತಲೂ ಚೆನ್ನಾಗಿ ಹೇಳಿಯಾನು. ಸಕ್ಕರೆ ಮತ್ತು ಉಪಪದಾರ್ಥಗಳ ಮೌಲ್ಯದಲ್ಲಿ ಶೇಕಡಾ 70 ಬೆಳೆಗಾರನಿಗೆ ಸಲ್ಲಬೇಕೆಂದು 2012ರಲ್ಲಿ ರಂಗರಾಜನ್ ಸಮಿತಿ ಹೇಳಿತು. ಮರುವರ್ಷ ಕರ್ನಾಟಕ ಆ ಬಗೆಯ ಹಂಚಿಕೆಗೆ ಕಾನೂನನ್ನೇ ಮಾಡಿತು. ಅದು ಸರಿಯಾಗಿ ನಡೆದಿದೆಯೇ ಎಂಬುದು ಬೇರೆ ಜಗಳ. ಕಬ್ಬು ಬೆಳೆಯುವವನ ಖರ್ಚೂ ಆಟಗಾರನ ಖರ್ಚೂ ಒಂದೇ ಅಲ್ಲವಾದ್ದರಿಂದ 70ನ್ನೂ 14ನ್ನೂ ಪಕ್ಕದಲ್ಲಿಟ್ಟು ತೂಗುವುದೂ ಸಲ್ಲದು. ಆದರೆ ಪಾಲನ್ನು ಕಾಗದದ ಮೇಲೆ ಬರೆಯಬಹುದೆಂಬುದಂತೂ ಸಿದ್ಧವಾಯಿತು.

ಸಣ್ಣ ಕಣಗಳು

ದೊಡ್ಡ ಲೀಗಿನ ಹುಡುಗನಿಗೆ ಶೇಕಡಾ 14 ಬಂದರೂ ಅವನು ಉಪವಾಸ ಬೀಳುವುದಿಲ್ಲ. ಪಾಲಿನ ಪ್ರಶ್ನೆ ಕುತ್ತಿಗೆಗೆ ಬರುವುದು ಸಣ್ಣ ಲೀಗುಗಳಲ್ಲಿ. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಹುಟ್ಟಿದಾಗ ಬೆಳಗಾವಿಯ ಹೆಸರಿನ ತಂಡವೊಂದು ಬಂತೆಂದು ಈ ತಾಲೂಕುಗಳ ಹುಡುಗರು ಹಿಗ್ಗಿದರು. 2019ರಲ್ಲಿ ಅದೇ ಲೀಗಿನ ಪಂದ್ಯಗಳಲ್ಲಿ ಜೂಜು ಮತ್ತು ಮೋಸದಾಟ ನಡೆದಿದೆಯೆಂಬ ಆರೋಪದ ಮೇಲೆ ಬೆಂಗಳೂರಿನ ಅಪರಾಧ ವಿಭಾಗದ ಪೊಲೀಸರು ಆ ತಂಡದ ಒಡೆಯರನ್ನೂ, ಬೇರೆ ತಂಡದ ಕೆಲವು ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟು, ಪಂದ್ಯವನ್ನು ಮೊದಲೇ ಗೊತ್ತುಮಾಡಿ ಆಡುವುದು ದಂಡಸಂಹಿತೆಯ ವಂಚನೆಯ ಅಪರಾಧದ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದು ಪ್ರಕರಣವನ್ನು ರದ್ದುಮಾಡಿತು. ಆರೋಪಗಳು ಸಾಬೀತಾಗಲಿಲ್ಲ, ಲೀಗು ಮಾತ್ರ 2019ರ ತರುವಾಯ ನಡೆಯಲಿಲ್ಲ. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೊಸ ಹೆಸರಿನಲ್ಲಿ ಬೇರೊಂದು ಲೀಗು ತೊಡಗಿತು. ಆಟದ ನ್ಯಾಯವಾದ ಆದಾಯ ಕಿರಿದಾಗಿ, ಆಟಗಾರನ ಪಾಲು ಅದಕ್ಕಿಂತ ಕಿರಿದಾಗಿರುವಲ್ಲಿ ಜೂಜಿನವನ ಹಣ ಎಷ್ಟು ಸುಲಭವಾಗಿ ಒಳನುಸುಳಬಹುದೆಂಬುದನ್ನು ಊಹಿಸಲು ಯಾವ ನ್ಯಾಯಾಲಯದ ತೀರ್ಪೂ ಬೇಕಿಲ್ಲ.

ಕಬಡ್ಡಿಯ ಲೆಕ್ಕ ಒಂದು ಸೋಜಿಗ. 2014ರಲ್ಲಿ ಪ್ರೊ ಕಬಡ್ಡಿ ಲೀಗು ಮೊದಲಾದಾಗ ಅತಿ ಹೆಚ್ಚಿನ ಬೆಲೆಗೆ ಹೋದ ರಾಕೇಶ್ ಕುಮಾರ್ ಅವರಿಗೆ ಸಿಕ್ಕಿದ್ದು 12 ಲಕ್ಷ 80 ಸಾವಿರ. 2019ರ ಜನವರಿಯಲ್ಲಿ ಬೆಂಗಳೂರಿಗೆ ಪ್ರಶಸ್ತಿ ತಂದುಕೊಟ್ಟ ಪವನ್ ಸೆಹ್ರಾವತ್ 2023ರಲ್ಲಿ ಬೇರೆ ತಂಡಕ್ಕೆ ಹೋದದ್ದು 2 ಕೋಟಿ 60 ಲಕ್ಷಕ್ಕೆ. 2021ರಿಂದ ಐದು ವರ್ಷಗಳ ಪ್ರಸಾರದ ಹಕ್ಕಿನ ಬೆಲೆ 908 ಕೋಟಿ, ವರ್ಷಕ್ಕೆ 182 ಕೋಟಿಯಷ್ಟು. 2023ರಲ್ಲಿ ಹನ್ನೆರಡು ತಂಡಗಳ ಮಿತಿ ತಲಾ 5 ಕೋಟಿಯಂತೆ 60 ಕೋಟಿ. ಮೂರರಲ್ಲೊಂದು ಪಾಲು! 2023ರಲ್ಲಿ ಮೊದಲಾದ ಮಹಿಳೆಯರ ಕ್ರಿಕೆಟ್ ಲೀಗಿನಲ್ಲಿಯೂ ಹಾಗೆಯೇ: ಐದು ವರ್ಷಕ್ಕೆ 951 ಕೋಟಿ, ಮೊದಲ ವರ್ಷ ಐದು ತಂಡಗಳ ಆಟಗಾರ್ತಿಯರಿಗೆ ತಲಾ 12 ಕೋಟಿಯಂತೆ 60 ಕೋಟಿ. ಅಲ್ಲಿಯೂ ಸುಮಾರು ಮೂರನೆಯ ಒಂದು ಭಾಗ. ಬಡ ಲೀಗುಗಳು ಧಾರಾಳಿಗಳು, ಶ್ರೀಮಂತ ಲೀಗು ಜಿಪುಣ ಎಂದು ಇದರ ಅರ್ಥವಲ್ಲ. ಪುರುಷರ ಲೀಗಿನ ಮೊದಲ ವರ್ಷದ ನಲವತ್ತನ್ನು ನೆನೆದರೆ ವಿಷಯ ತಿಳಿಯುತ್ತದೆ. ಎಳೆಯ ಲೀಗಿಗೆ ಆಟಗಾರರನ್ನು ಸೆಳೆಯಬೇಕಾಗಿದೆ. ಬೆಳೆದ ಲೀಗಿಗೆ ಆಟಗಾರರೇ ಬಂದು ಸಾಲುನಿಲ್ಲುತ್ತಾರೆ. ಆದ್ದರಿಂದ ಮಹಿಳೆಯರೂ ಕಬಡ್ಡಿಯವರೂ ಈಗಿನ ಪಾಲನ್ನು ಬರಹದಲ್ಲಿ ಕಟ್ಟಿಹಾಕಿಕೊಳ್ಳಲು ಇದೇ ಸುಸಮಯ. ರಾಶಿ ಬೆಳೆದ ಮೇಲೆ ಕೇಳಿದರೆ ತಡವಾಗುತ್ತದೆ. ಕಬಡ್ಡಿಯಲ್ಲಿ ಇನ್ನೊಂದು ಸೂಕ್ಷ್ಮವುಂಟು. ಲೀಗನ್ನು ನಡೆಸುವ ಸಂಸ್ಥೆಯ ನೂರಕ್ಕೆ 74 ಪಾಲನ್ನು 2015ರಲ್ಲಿ ಕೊಂಡದ್ದು ಅದನ್ನು ಪ್ರಸಾರಮಾಡುವ ಸ್ಟಾರ್ ಸಂಸ್ಥೆಯೇ. ಕೊಳ್ಳುವವನೂ ಮಾರುವವನೂ ಒಬ್ಬನೇ ಆದರೆ ರಾಶಿಯ ನಿಜವಾದ ಬೆಲೆಯನ್ನು ಹೇಳುವವರು ಯಾರು?

ವಸ್ತಾದರ ಋಣ

ಸವದತ್ತಿ ತಾಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿ, ನಟನಾಗಿ ಬಣ್ಣ ಹಚ್ಚಿ, ಮುಂದೆ ಕಲಾವೈಭವ ನಾಟ್ಯ ಸಂಘದ ಒಡೆಯರೂ ಆಗಿ, 2017ರಲ್ಲಿ ನೂರಮೂರರ ವಯಸ್ಸಿನಲ್ಲಿ ಕಣ್ಮುಚ್ಚಿದ ಏಣಗಿ ಬಾಳಪ್ಪನವರನ್ನು ಈ ಪ್ರಸಂಗದಲ್ಲಿ ನೆನೆಯದಿರಲಾಗದು. ರಂಗದ ಮೇಲೆ ನಿಂತವನೂ ಗಲ್ಲದ ಮುಂದೆ ಕುಳಿತವನೂ ಒಬ್ಬನೇ ಆಗಿದ್ದ ಬಾಳು ಅದು. ನಟನ ಬಣ್ಣ ಎಂಬತ್ತರಲ್ಲಿಯೂ ಮಾಸದು. ಪೈಲವಾನನ ತೊಡೆ, ಕಬಡ್ಡಿಯವನ ಮೊಣಕಾಲು, ವೇಗದ ಬೌಲರನ ಬೆನ್ನು ಮೂವತ್ತೈದಕ್ಕೆ ಮುಗಿಯುತ್ತವೆ. ಆಟಗಾರನ ಪಾಲು ಎಂದರೆ ಅವನ ಹತ್ತು ವರ್ಷದ ದುಡಿಮೆಯಲ್ಲಿ ಉಳಿದ ನಲವತ್ತು ವರ್ಷದ ಅನ್ನವೂ ಸೇರಿದೆಯೆಂಬುದನ್ನು ಲೆಕ್ಕಿಗರು ಮರೆಯುತ್ತಾರೆ.

ಮರೆತುಹೋಗುವ ಇನ್ನೊಬ್ಬರುಂಟು. ಬೈಲಹೊಂಗಲದ ಹತ್ತಿಯ ಪೇಟೆಗೆ ಬಂದ ರೈತನೊಬ್ಬ ಮಗನನ್ನು ಗರಡಿಮನೆಗೆ ಕರೆದೊಯ್ದು, “ವಸ್ತಾದರ, ಹುಡುಗನ್ನ ನಿಮ್ಮ ಉಡಿಯೊಳಗ ಹಾಕೀನಿ” ಎನ್ನುತ್ತಾನೆ. ವಸ್ತಾದರು ಬೆಳಗಿನ ನಾಲ್ಕಕ್ಕೆ ಎಬ್ಬಿಸಿ ಸಾಮು ಮಾಡಿಸುತ್ತಾರೆ, ಪಟ್ಟು ಕಲಿಸುತ್ತಾರೆ, ಮೈ ಉಳುಕಿದರೆ ಎಣ್ಣೆ ತಿಕ್ಕುತ್ತಾರೆ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಕಬಡ್ಡಿ ಕಲಿಸುವ ವ್ಯಾಯಾಮ ಶಿಕ್ಷಕರೂ ಅಷ್ಟೆ. ಹುಡುಗ ಮುಂದೆ ಲಕ್ಷಕ್ಕೋ ಕೋಟಿಗೋ ಹರಾಜಾದಾಗ ಒಡೆಯನಿಗೂ ಆಟಗಾರನಿಗೂ ನಡುವೆ ಪಾಲಿನ ವಾಗ್ವಾದ ನಡೆದೀತು. ವಸ್ತಾದರ ಹೆಸರು ಯಾವ ಕಾಗದದಲ್ಲಿಯೂ ಇರುವುದಿಲ್ಲ.

ಜಗತ್ತಿನ ಕಾಲ್ಚೆಂಡಾಟದ ಸಂಸ್ಥೆ ಇದಕ್ಕೊಂದು ಕಟ್ಟಳೆ ಮಾಡಿದೆ. ಆಟಗಾರನೊಬ್ಬ ಒಪ್ಪಂದದ ನಡುವೆ ಒಂದು ದೇಶದ ತಂಡದಿಂದ ಮತ್ತೊಂದು ದೇಶದ ತಂಡಕ್ಕೆ ಹಣದ ಮೇಲೆ ಹೋದರೆ, ಆ ಹಣದ ನೂರಕ್ಕೆ ಐದು ಪಾಲು, ಅವನ ಹನ್ನೆರಡರಿಂದ ಇಪ್ಪತ್ತಮೂರರ ವಯಸ್ಸಿನವರೆಗೆ ಅವನಿಗೆ ತರಬೇತಿ ಕೊಟ್ಟ ಸಂಘಗಳಿಗೆ ಹಂಚಿಕೆಯಾಗಬೇಕು. ಅದೇ ರೀತಿ ನಮ್ಮ ಹರಾಜಿನ ಹಣದಲ್ಲಿ ನೂರಕ್ಕೆ ಒಂದೇ ರೂಪಾಯಿ ತೆಗೆದಿಟ್ಟರೂ, 1,200 ಕೋಟಿಯಲ್ಲಿ 12 ಕೋಟಿಯಾಯಿತು. ರಾಮದುರ್ಗದ ಒಂದು ಶಾಲೆಯ ಮೈದಾನಕ್ಕೆ, ಸವದತ್ತಿಯ ಒಂದು ಗರಡಿಯ ಸೋರುವ ಮಾಳಿಗೆಗೆ ಅದರ ಎಷ್ಟನೆಯ ಭಾಗ ಬೇಕಾದೀತು?

ಕಿತ್ತೂರ ಕಣದಲ್ಲಿ ಕೊನೆಯ ಕುಸ್ತಿ ಮುಗಿದು ದೀಪ ಹತ್ತುವ ಹೊತ್ತಿಗೆ ಗೆದ್ದ ಪೈಲವಾನನನ್ನು ಹೆಗಲ ಮೇಲೆ ಹೊತ್ತು ಕುಣಿಸುತ್ತಾರೆ. ಅಭಿಮಾನಿಗಳು ಹತ್ತು, ನೂರರ ನೋಟುಗಳನ್ನು ಅವನ ಕೈಯಲ್ಲಿ ತುರುಕುತ್ತಾರೆ. ಅವನು ಕೆಳಗಿಳಿದು ಮೊದಲು ವಸ್ತಾದರ ಕಾಲು ಮುಟ್ಟಿ, ಗದೆಯನ್ನು ಅವರ ಕೈಗೆ ಕೊಡುತ್ತಾನೆ; ಮೈಯ ಮಣ್ಣು ಝಾಡಿಸಿಕೊಂಡು ಕಮಿಟಿಯವರ ಮೇಜಿನತ್ತ ನಡೆಯುತ್ತಾನೆ. ಅಲ್ಲಿ ಕನ್ನಡಕ ಹಾಕಿದ ಗುಮಾಸ್ತರು ಎಲ್ಲರೆದುರಿಗೆ ನೋಟು ಎಣಿಸಿ, ಪುಸ್ತಕದಲ್ಲಿ ಬರೆದು, ಅವನ ಸಹಿ ಪಡೆಯುತ್ತಾರೆ.